ಲ್ಯಾಬ್ ಬೇರೆ ದೇಶಕ್ಕೆ ಹೋಗುತ್ತಿದೆ, ಮನೆಯವರನ್ನು ಯಾವಾಗ ಕರೆದೊಯ್ಯಲಿ?

ಪ್ರಶ್ನೆ: ಕಟ್ಟಡದ ಒಳಗೆ ಜನ, ಸಾಮಾನು ಎಲ್ಲಿವೆ ಎಂದು ರೇಡಿಯೋ ಮೂಲಕ ಪತ್ತೆ ಮಾಡುವ ವ್ಯವಸ್ಥೆಗಳ ಎಂಜಿನಿಯರ್ ನಾನು. ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ರೇಡಿಯೋದ ಫರ್ಮ್‌ವೇರ್ (ಸಾಧನದೊಳಗೇ ಓಡುವ ಸಾಫ್ಟ್‌ವೇರ್) ಮತ್ತು ಕ್ಯಾಲಿಬ್ರೇಶನ್ (ಅಳತೆಯ ತಪ್ಪು ತಿದ್ದುವುದು) ನನ್ನ ಕೆಲಸ. ಕಂಪನಿ ನಮ್ಮ ಲ್ಯಾಬನ್ನು ಬೇರೆ ದೇಶಕ್ಕೆ ಸಾಗಿಸುತ್ತಿದೆ. ನಾಲ್ಕು ತಿಂಗಳಲ್ಲಿ ಬನ್ನಿ ಎಂದಿದ್ದಾರೆ. ಹೆಂಡತಿ ನರ್ಸ್. ಮಗಳಿಗೆ 15, ಮುಂದಿನ ವರ್ಷ ಅವಳಿಗೆ ಮುಖ್ಯ ಪರೀಕ್ಷೆ. ಮಗನಿಗೆ 6. ಜೊತೆಯಲ್ಲಿರುವ ಅಪ್ಪನಿಗೆ 74. ಅವರಿಗೆ ಮರೆವು ಶುರುವಾಗಿದೆ, ಎರಡು ಸಲ ದಾರಿ ತಪ್ಪಿದ್ದಾರೆ. ಸ್ನೇಹಿತರು, 'ಸಾಫ್ಟ್‌ವೇರ್ ಕೆಲಸ ತಾನೇ, ಮನೆಯಿಂದಲೇ ಮಾಡು' ಅನ್ನುತ್ತಾರೆ. ಮ್ಯಾನೇಜರ್, 'ನಮ್ಮ ಕ್ಷೇತ್ರ ಸಣ್ಣದು, ಈಗ ಬರದಿದ್ದರೆ ಮತ್ತೆ ಅವಕಾಶ ಸಿಗೋದಿಲ್ಲ' ಅನ್ನುತ್ತಾರೆ. ಅಪ್ಪನಿಗೆ, ಮಕ್ಕಳಿಗೆ ಟ್ರ್ಯಾಕರ್ ಹಾಕಿದರೆ ಹೊಸ ಊರಿನಲ್ಲಿ ಧೈರ್ಯವಾಗಿ ಇರಬಹುದು ಎಂದು ನನ್ನ ಯೋಚನೆ. ಮಕ್ಕಳ ಮೈಮೇಲೆ ಅದು ಸದಾ ಇದ್ದರೆ ರೇಡಿಯೇಶನ್‌ನಿಂದ ತೊಂದರೆಯಾಗುತ್ತದಾ ಅಂತ ಹೆಂಡತಿಗೆ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ತುಂಬ ಬೇರೆ ಬೇರೆ ಪ್ರಶ್ನೆಗಳಿವೆ. ಆದರೆ ಎಲ್ಲದರ ಬುಡದಲ್ಲೂ ಆ ನಾಲ್ಕು ತಿಂಗಳ ಗಡುವು ಕೂತಿದೆ. ಹೆಂಡತಿಯ ಕೆಲಸ, ಮಗಳ ಪರೀಕ್ಷೆ, ಅಪ್ಪನ ಆರೋಗ್ಯ ಎಲ್ಲವನ್ನೂ ಆ ದಿನಾಂಕದೊಳಗೆ ತುರುಕಲು ಒದ್ದಾಡುತ್ತಿದ್ದೀರಿ. ಈ ರಂಗದಲ್ಲಿ ಕೆಲಸ ಮಾಡಿ, ಲ್ಯಾಬ್‌ಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದನ್ನು ಹತ್ತಿರದಿಂದ ನೋಡಿದವನಾಗಿ ಹೇಳುತ್ತೇನೆ: ನಿಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬದಲಾಯಿಸಬಹುದಾದ ದಿನಾಂಕ ಅದೇ. ಮಗಳ ಪರೀಕ್ಷೆಯನ್ನು ಮುಂದೂಡಲು ಆಗದು. ಅಪ್ಪನ ಮರೆವು ನಮ್ಮ ಮಾತು ಕೇಳದು. ಲ್ಯಾಬಿನ ದಿನಾಂಕದ ಬಗ್ಗೆ ಮಾತಾಡಬಹುದು.

ಅದಕ್ಕೂ ಮೊದಲು, ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ. ನಿಮ್ಮ ಕೆಲಸದ ವೀಸಾದ ಮೇಲೆ ಅಪ್ಪ ಬರಬಹುದಾ ಅಂತ ಕೇಳಿದ್ದೀರಾ? ಬಹಳಷ್ಟು ದೇಶಗಳಲ್ಲಿ ಉದ್ಯೋಗ ವೀಸಾದ ಅವಲಂಬಿತರೆಂದರೆ ಗಂಡ ಅಥವಾ ಹೆಂಡತಿ ಮತ್ತು ಚಿಕ್ಕ ಮಕ್ಕಳು, ಅಷ್ಟೇ. ತಂದೆತಾಯಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬಂದು ಹೋಗಬಹುದು, ಉಳಿಯುವಂತಿಲ್ಲ. ಅನುಮತಿ ಸಿಕ್ಕರೂ ಮೊದಲೇ ಇದ್ದ ಕಾಯಿಲೆಯನ್ನು ವಿಮೆ ಒಳಗೊಳ್ಳದೆ ಇರಬಹುದು. ಕಂಪನಿಯ ರಿಲೊಕೇಶನ್ ಕಾಗದದಲ್ಲಿ 'ಕುಟುಂಬ' ಎಂದು ಬರೆದಿದ್ದನ್ನು ನೋಡಿ ಅಪ್ಪನೂ ಅದರಲ್ಲಿ ಸೇರಿದ್ದಾರೆ ಅಂದುಕೊಂಡವರನ್ನು ನಾನು ಕಂಡಿದ್ದೇನೆ. ಟಿಕೆಟ್ ಬುಕ್ ಮಾಡುವ ಹಂತದಲ್ಲಿ ಸತ್ಯ ಗೊತ್ತಾದರೆ ಮನೆಯೇ ಅಲ್ಲಾಡಿಬಿಡುತ್ತದೆ. ಈ ಒಂದು ಉತ್ತರದ ಮೇಲೆ ನಿಮ್ಮ ಉಳಿದ ಎಲ್ಲ ಆಯ್ಕೆ ನಿಂತಿದೆ. ನಾಳೆಯೇ ಕೇಳಿ.

ಈಗ ಸ್ನೇಹಿತರ ಮಾತು. 'ಸಾಫ್ಟ್‌ವೇರ್ ತಾನೇ' ಅನ್ನುವುದು ಅರ್ಧ ಸತ್ಯ. ನೀವು ಮ್ಯಾಪ್ ತೋರಿಸುವ ಆ್ಯಪ್ ಬರೆಯುತ್ತಿದ್ದರೆ ಪೂರ್ತಿ ಸತ್ಯ. ರೇಂಜಿಂಗ್, ಅಂದರೆ ದೂರ ಅಳೆಯುವ ಫರ್ಮ್‌ವೇರ್ ಕಥೆ ಬೇರೆ, ಅದು ನಿಮಗೆ ಗೊತ್ತಿದೆ. ಮನೆಯವರಿಗೆ ಹೇಳಲು ಅನುಕೂಲವಾಗಲಿ ಅಂತ ಬಿಡಿಸಿ ಬರೆಯುತ್ತೇನೆ. ರೇಡಿಯೋ ತರಂಗ ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಹತ್ತು ಸೆಂಟಿಮೀಟರ್ ನಿಖರತೆ ಬೇಕೆಂದರೆ ನ್ಯಾನೋಸೆಕೆಂಡಿನ ಮೂರನೇ ಒಂದು ಪಾಲನ್ನು ಸರಿಯಾಗಿ ಅಳೆಯಬೇಕು. ಸಿಗ್ನಲ್ ಚಿಪ್‌ನಿಂದ ಆಂಟೆನಾಗೆ ಹೋಗುವಾಗ ಆಗುವ ತಡವೇ ಇದಕ್ಕಿಂತ ಜಾಸ್ತಿ ಇರುತ್ತದೆ. ಆ ತಡ ಬೋರ್ಡಿನಿಂದ ಬೋರ್ಡಿಗೆ ಬೇರೆ, ಬಿಸಿ ಏರಿದರೆ ಬೇರೆ. ಜೊತೆಗೆ ಗೋಡೆ, ಕಬ್ಬಿಣದ ರ‍್ಯಾಕ್, ಲೋಹದ ಲೇಪನವಿರುವ ಗಾಜು ಸಿಗ್ನಲ್ಲನ್ನು ತಿರುಗಿಸಿ ಕಳಿಸುತ್ತವೆ. ನೇರ ದಾರಿಯ ಸಿಗ್ನಲ್ ಸೋತು, ಸುತ್ತಿ ಬಂದದ್ದು ಜೋರಾಗಿ ಕೇಳಿಸಿದರೆ ಅಳತೆ ದೂರಕ್ಕೆ ಜಾರುತ್ತದೆ. ಜನ, ಸಾಮಾನಿನ ಜೊತೆ ಓಡಾಡುವ ಟ್ಯಾಗ್ ಮತ್ತು ಕಟ್ಟಡದಲ್ಲಿ ಸ್ಥಿರವಾಗಿ ಕೂರಿಸಿದ ರೇಡಿಯೋ, ಅಂದರೆ ಆಂಕರ್, ಇವುಗಳ ನಡುವೆ ಮನುಷ್ಯನ ಮೈ ಅಡ್ಡ ಬಂದರೂ ಸಾಕು.

ಇದನ್ನೆಲ್ಲ ಸ್ಕ್ರೀನ್ ಮುಂದೆ ಕೂತು ಪೂರ್ತಿ ಹಿಡಿಯಲು ಆಗುವುದಿಲ್ಲ. ಯಾರಾದರೂ ಟ್ಯಾಗ್ ಹಿಡಿದು ನಡೆಯಬೇಕು. ಅವರು ನಿಜವಾಗಿ ಎಲ್ಲಿದ್ದರು ಎಂಬುದನ್ನು ಬೇರೊಂದು ನಂಬಿಕಸ್ಥ ಉಪಕರಣದಿಂದ ಅಳೆದಿರಬೇಕು. ಆಮೇಲೆ ಹೋಲಿಸಬೇಕು. ಆದರೆ ಒಮ್ಮೆ ಚೆನ್ನಾಗಿ ರೆಕಾರ್ಡ್ ಮಾಡಿಟ್ಟ ಡೇಟಾ ಇದ್ದರೆ ಅಲ್ಗಾರಿದಮ್ ಕೆಲಸದ ದೊಡ್ಡ ಪಾಲನ್ನು ಎಲ್ಲಿಂದ ಬೇಕಾದರೂ ಮಾಡಬಹುದು. ಹೊಸ ಬೋರ್ಡ್ ಬಂದಾಗ, ಆಂಟೆನಾ ಬದಲಾದಾಗ, ಗ್ರಾಹಕರ ಜಾಗದಲ್ಲಿ ಏನೋ ಕೆಟ್ಟಾಗ ಅಲ್ಲಿರಬೇಕು. ಕಳೆದ ಆರು ತಿಂಗಳಲ್ಲಿ ನೀವು ಲ್ಯಾಬಿನಲ್ಲಿ ಇರಲೇಬೇಕಾಗಿದ್ದ ದಿನ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ. ಮ್ಯಾನೇಜರ್ ಜೊತೆ ಮಾತಿಗೆ ಕೂರುವಾಗ ಆ ಲೆಕ್ಕ ಕೈಯಲ್ಲಿರಲಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಲೊಕೇಶನ್ ಲ್ಯಾಬನ್ನು ಸಾಗಿಸುವುದೆಂದರೆ ಮೇಜು, ಮೀಟರ್‌ಗಳನ್ನು ಪ್ಯಾಕ್ ಮಾಡುವುದಷ್ಟೇ ಅಲ್ಲ. ಹಳೆಯ ಕಟ್ಟಡದಲ್ಲಿ ಪಡೆದ ಫಲಿತಾಂಶಗಳೆಲ್ಲ ಆ ಕಟ್ಟಡಕ್ಕೆ ಅಂಟಿಕೊಂಡಿವೆ. ಅಲ್ಲಿನ ಗೋಡೆ, ಛಾವಣಿಯ ಎತ್ತರ, ಆಂಕರ್ ಕೂರಿಸಿದ ಜಾಗ, ಪಕ್ಕದವರ ವೈಫೈ ಎಲ್ಲವೂ ಆ ಅಂಕಿಗಳಲ್ಲಿ ಸೇರಿವೆ. ಹೊಸ ಕಟ್ಟಡದಲ್ಲಿ ಅದೇ ಫರ್ಮ್‌ವೇರ್ ಓಡಿಸಿದರೆ ಬೇರೆ ಅಂಕಿ ಬರುತ್ತದೆ. ಕೋಡ್ ಕೆಟ್ಟಿತಾ, ಕಟ್ಟಡ ಬೇರೆಯಾ? ಹಳೆಯ ಜಾಗದಲ್ಲಿ ಅಳೆಯುವವರೇ ಇಲ್ಲವಾದರೆ ಹೇಳಲು ಆಗುವುದಿಲ್ಲ. ಆಂಕರ್‌ಗಳನ್ನು ಮತ್ತೆ ಸರ್ವೇ ಮಾಡಿ, ಕ್ಯಾಲಿಬ್ರೇಶನ್ ಮುಗಿಸಿ, ನಂಬಬಹುದಾದ ಬೇಸ್‌ಲೈನ್ (ಹೋಲಿಕೆಗೆ ಆಧಾರವಾಗುವ ಅಳತೆಗಳು) ಕಟ್ಟುವುದು ತಿಂಗಳುಗಟ್ಟಲೆಯ ಕೆಲಸ. ಹಾಗಾಗಿ ಎರಡೂ ಲ್ಯಾಬ್‌ಗಳು ಕೆಲಕಾಲ ಒಟ್ಟಿಗೆ ನಡೆಯುವುದು ಕಂಪನಿಗೇ ಒಳ್ಳೆಯದು. ಒಂದೇ ಬೋರ್ಡುಗಳನ್ನು ಎರಡೂ ಕಡೆ ಓಡಿಸಿ ಹೋಲಿಸುವ ಜವಾಬ್ದಾರಿ ಯಾರಾದರೂ ಹೊರಬೇಕು. ಕ್ಯಾಲಿಬ್ರೇಶನ್ ಬಲ್ಲ ನೀವು ಅದಕ್ಕೆ ಸರಿಯಾದ ವ್ಯಕ್ತಿ. 'ನನಗೆ ಮನೆ ಕಷ್ಟ ಇದೆ, ಸ್ವಲ್ಪ ಸಮಯ ಕೊಡಿ' ಅಂತ ಕೇಳುವುದಕ್ಕೂ 'ಹಳೆಯ ಬೇಸ್‌ಲೈನ್ ನಾನು ನೋಡಿಕೊಳ್ಳುತ್ತೇನೆ, ಇಷ್ಟು ತಿಂಗಳ ಯೋಜನೆ ಇಲ್ಲಿದೆ' ಅಂತ ಕೇಳುವುದಕ್ಕೂ ಬಹಳ ವ್ಯತ್ಯಾಸ. ಎರಡೂ ಸತ್ಯವೇ. ಎರಡನ್ನೂ ಹೇಳಿ, ಆದರೆ ಎರಡನೆಯದನ್ನು ಕಾಗದದಲ್ಲಿ ಬರೆದು ಕೊಡಿ.

ಮ್ಯಾನೇಜರ್ ಹೇಳಿದ 'ಕ್ಷೇತ್ರ ಸಣ್ಣದು' ಎಂಬ ಮಾತು ಸುಳ್ಳಲ್ಲ. ಹೆದರಿಕೆ ಮಾತ್ರ ಜಾಸ್ತಿಯಾಯಿತು. ಈ ರಂಗದಲ್ಲಿ ತಂತ್ರಜ್ಞಾನಗಳು ಬದಲಾಗುತ್ತಲೇ ಬಂದಿವೆ. 2000ದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್ಲನ್ನು ಬೇಕೆಂದೇ ಹಾಳುಗೆಡವುವುದನ್ನು ನಿಲ್ಲಿಸಿತು. ನಾಗರಿಕ ಬಳಕೆಯ ದಾರಿ ಅಗಲವಾಯಿತು. 2018ರಲ್ಲಿ ಆಂಡ್ರಾಯ್ಡ್ 9, ವೈಫೈಯಿಂದ ದೂರ ಅಳೆಯುವ ಸೌಲಭ್ಯ ಕೊಟ್ಟಿತು. 2019ರಲ್ಲಿ ಬ್ಲೂಟೂತ್ 5.1 ದಿಕ್ಕು ಹಿಡಿಯುವುದನ್ನು ತಂದಿತು. ಅದೇ ವರ್ಷ ಐಫೋನ್ 11ರಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ಚಿಪ್ ಬಂತು. 2024ರಲ್ಲಿ ಬ್ಲೂಟೂತ್ 6.0, ಚಾನೆಲ್ ಸೌಂಡಿಂಗ್ ಮೂಲಕ ದೂರ ಅಳೆಯಲು ಹೊರಟಿತು. ಒಂದೇ ರೇಡಿಯೋವನ್ನು ನಂಬಿ ಕೂತವರಿಗೆ ಇದು ಕಷ್ಟ. ನಿಮ್ಮ ಕೈಯಲ್ಲಿರುವ ವಿದ್ಯೆಯ ತಿರುಳು ಸಮಯದ ಅಳತೆ, ಕ್ಯಾಲಿಬ್ರೇಶನ್, ತಪ್ಪು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು. ರೇಡಿಯೋ ಯಾವುದಾದರೂ ಅದು ಬೇಕು. ಕಾರಿನ ಡಿಜಿಟಲ್ ಕೀ, ರೋಬಾಟ್, 5ಜಿ ಪೊಸಿಷನಿಂಗ್, ಗೋದಾಮು ಎಲ್ಲ ಕಡೆಯೂ. ಹೊಸ ಕೆಲಸ ಹುಡುಕಲು ಸಮಯ ಹಿಡಿಯಬಹುದು. ಬಾಗಿಲು ಮುಚ್ಚಿಹೋಗುವುದಿಲ್ಲ.

ಹೆಂಡತಿಯ ರೇಡಿಯೇಶನ್ ಭಯಕ್ಕೆ ಬೇಗ ಉತ್ತರ ಹೇಳಬಹುದು. ಜಿಪಿಎಸ್ ರಿಸೀವರ್ ಸುಮ್ನೆ ಕೇಳಿಸಿಕೊಳ್ಳುತ್ತದೆ, ಏನನ್ನೂ ಕಳಿಸುವುದಿಲ್ಲ. ಅಲ್ಟ್ರಾ ವೈಡ್‌ಬ್ಯಾಂಡ್‌ಗೆ ಅಮೆರಿಕದಲ್ಲಿ 2002ರಲ್ಲೇ ಹಾಕಿದ ಮಿತಿಯ ಪ್ರಕಾರ, 500 ಮೆಗಾಹರ್ಟ್ಸ್ ಅಗಲದ ಸಿಗ್ನಲ್‌ನ ಒಟ್ಟು ಸರಾಸರಿ ಶಕ್ತಿ ಸುಮಾರು 0.04 ಮಿಲಿವ್ಯಾಟ್. 4ಜಿ ಮೊಬೈಲ್ ಗರಿಷ್ಠ 200 ಮಿಲಿವ್ಯಾಟ್ ತನಕ ಕಳಿಸುತ್ತದೆ. ಸಿಮ್ ಇರುವ ಟ್ರ್ಯಾಕರ್ ಕೂಡ ಒಂದು ಚಿಕ್ಕ ಮೊಬೈಲೇ, ಆದರೆ ಆಗೊಮ್ಮೆ ಈಗೊಮ್ಮೆ ಮಾತ್ರ ಮಾತಾಡುತ್ತದೆ. ಮನೆಯಲ್ಲಿ ಫೋನ್ ಬಳಸುತ್ತಿದ್ದರೆ ಟ್ಯಾಗ್ ಬಗ್ಗೆ ಬೇರೆಯಾಗಿ ಹೆದರಬೇಕಿಲ್ಲ.

ಟ್ರ್ಯಾಕರ್ ವಿಷಯದಲ್ಲಿ ನನಗಿರುವ ಕಳವಳ ಬೇರೆ. ಅಪ್ಪನ ಸಮಸ್ಯೆಗೆ ನಮ್ಮದೇ ತಂತ್ರಜ್ಞಾನ ಉತ್ತರ ಅಂತ ನೀವು ನಂಬಿದ್ದೀರಿ. ಪ್ರೀತಿಯಿಂದಲೇ ನಂಬಿದ್ದೀರಿ, ಅರ್ಥವಾಗುತ್ತದೆ. ಆದರೆ ಮರೆವಿರುವ ಹಿರಿಯರಿಗೆ ಗುರುತಿನ ಓಣಿ, ಗುರುತಿನ ಮುಖಗಳೇ ಅರ್ಧ ಜ್ಞಾಪಕಶಕ್ತಿ. ಅವು ಹೋದಾಗ ಗೊಂದಲ ಹೆಚ್ಚುವುದು ಸಾಮಾನ್ಯ. ಹೊಸ ಮನೆಯಿಂದ ಹೊರಟು ಹಳೆಯ ಮನೆ ಹುಡುಕುತ್ತಾ ನಡೆಯುತ್ತಾರೆ. ಅವರು ಎಲ್ಲಿದ್ದಾರೆ ಅಂತ ಟ್ರ್ಯಾಕರ್ ಹೇಳಬಹುದು. ಹೊರಡದಂತೆ ಅದು ತಡೆಯಲಾರದು, ಭಾಷೆ ಬಾರದ ಊರಿನಲ್ಲಿ ಅವರ ಜೊತೆ ನಿಂತು ಮಾತಾಡಲಾರದು. ಕರೆದೊಯ್ಯುವ ಮುಂಚೆ ಅವರ ವೈದ್ಯರ ಬಳಿ ಈ ಸ್ಥಳಾಂತರದ ಬಗ್ಗೆಯೇ ಪ್ರತ್ಯೇಕವಾಗಿ ಮಾತಾಡಿ.

ಟ್ರ್ಯಾಕರ್ ಬೇಕೇ ಬೇಕು ಅಂದರೆ ಯಾವುದು ಎಂಬುದು ಮುಖ್ಯ. ಏರ್‌ಟ್ಯಾಗ್ ಥರದ ಬ್ಲೂಟೂತ್ ಟ್ಯಾಗ್‌ಗಳು ತಮ್ಮ ಜಾಗವನ್ನು ತಾವೇ ಹೇಳುವುದಿಲ್ಲ. ಹತ್ತಿರ ಹಾದುಹೋಗುವವರ ಫೋನ್ ಅವುಗಳ ದನಿ ಕೇಳಿ ವರದಿ ಮಾಡಬೇಕು. ಜನ ಓಡಾಡದ ದಾರಿಯಲ್ಲಿ ಅಪ್ಪ ನಡೆದರೆ ವರದಿಯೇ ಬರದು. ಅವು ಸಾಮಾನಿಗೆ, ಜನರಿಗಲ್ಲ ಎಂದು ತಯಾರಕರೇ ಹೇಳಿದ್ದಾರೆ. ಇನ್ನೊಂದು ತೊಡಕು: ಗುಟ್ಟಾಗಿ ಹಿಂಬಾಲಿಸುವುದನ್ನು ತಡೆಯಲು 2024ರಿಂದ ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಎಚ್ಚರಿಕೆ ಬರುತ್ತದೆ. ನಿಮ್ಮ ಟ್ಯಾಗ್ ಇರುವ ಚೀಲ ಹೊತ್ತ ಮಗನನ್ನು ಬೇರೆ ಯಾರೋ ಶಾಲೆಗೆ ಬಿಡಲು ಹೋದರೆ ಅವರ ಫೋನಿಗೆ 'ಅಪರಿಚಿತ ಟ್ಯಾಗ್ ನಿಮ್ಮ ಜೊತೆ ಚಲಿಸುತ್ತಿದೆ' ಎಂಬ ಸೂಚನೆ ಬರಬಹುದು. ಮೊದಲೇ ತಿಳಿಸಿ.

ಅಪ್ಪನಿಗೆ ಸಿಮ್ ಇರುವ ಜಿಪಿಎಸ್ ಸಾಧನವೇ ಸರಿ. ಈಗಿನ ಊರಿನಲ್ಲಿ ಕೊಂಡದ್ದು ಅಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ. ಹಲವು ದೇಶಗಳಲ್ಲಿ 2ಜಿ, 3ಜಿ ನೆಟ್‌ವರ್ಕ್ ಮುಚ್ಚಿದ್ದಾರೆ. ಅಗ್ಗದ ಟ್ರ್ಯಾಕರ್‌ಗಳಲ್ಲಿ ಬಹಳಷ್ಟು ಇನ್ನೂ 2ಜಿಯನ್ನೇ ನಂಬಿವೆ. 4ಜಿ ಆದರೂ ಅಲ್ಲಿನ ನೆಟ್‌ವರ್ಕ್ ಬಳಸುವ ಬ್ಯಾಂಡಿಗೆ ಸಾಧನ ಹೊಂದಿಕೆಯಾಗಬೇಕು. ಜಿಯೋಫೆನ್ಸ್ (ದಾಟಿದರೆ ಸೂಚನೆ ಬರುವಂತೆ ಮ್ಯಾಪಿನಲ್ಲಿ ಹಾಕುವ ಗಡಿ) ಬಿಗಿಯಾಗಿ ಹಾಕಬೇಡಿ. ಮನೆಯೊಳಗೆ ಜಿಪಿಎಸ್ ಸಿಗ್ನಲ್ ಸೋತು ಜಾಗ ಅತ್ತಿತ್ತ ಹಾರುತ್ತದೆ, ಅಪ್ಪ ಮಂಚದ ಮೇಲೆ ಮಲಗಿದ್ದಾಗಲೇ 'ಹೊರಗೆ ಹೋದರು' ಅಂತ ಸೂಚನೆ ಬರುತ್ತದೆ. ನಾಲ್ಕು ಸಲ ಸುಳ್ಳು ಸೂಚನೆ ಬಂದರೆ ಐದನೆಯದನ್ನು ಯಾರೂ ನೋಡುವುದಿಲ್ಲ, ಅಲ್ವಾ? ಬಾಗಿಲಿಗೆ ಹಾಕುವ ಸರಳ ಸೆನ್ಸರ್ ಇದಕ್ಕಿಂತ ಎಷ್ಟೋ ಮೇಲು. ಅವರು ಹೊಸ್ತಿಲು ದಾಟುವ ಕ್ಷಣದಲ್ಲೇ ಗೊತ್ತಾಗುತ್ತದೆ. ಟ್ರ್ಯಾಕರ್ ಹುಡುಕಾಟಕ್ಕೆ ಇರಲಿ. ಮನೆಯಲ್ಲಿ ಯಾರಿರುತ್ತಾರೆ, ಸೂಚನೆ ಬಂದರೆ ಯಾರು ಓಡುತ್ತಾರೆ ಎನ್ನುವುದೇ ನಿಜವಾದ ಪ್ರಶ್ನೆ.

ವೈಫೈ ರೌಟರ್ ಬಗ್ಗೆಯೂ ಒಂದು ಮಾತು, ಏಕೆಂದರೆ ಇದರ ಕಾರಣ ನಿಮಗೆ ಗೊತ್ತಿದ್ದರೂ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಫೋನ್‌ಗಳು, ಕೆಲವು ಟ್ರ್ಯಾಕರ್‌ಗಳು ಒಳಾಂಗಣದಲ್ಲಿ ಸುತ್ತಲಿನ ವೈಫೈ ರೌಟರ್‌ಗಳ ವಿಳಾಸ ನೋಡಿ ಜಾಗ ಊಹಿಸುತ್ತವೆ. ಆ ರೌಟರ್ ಎಲ್ಲಿದೆ ಎಂಬುದು ಡೇಟಾಬೇಸಿನಲ್ಲಿ ಇರುತ್ತದೆ. ಹಳೆಯ ರೌಟರನ್ನೇ ತೆಗೆದುಕೊಂಡು ಹೋಗಿ ಹೊಸ ಮನೆಯಲ್ಲಿ ಹಚ್ಚಿದರೆ ಡೇಟಾಬೇಸ್ ಸರಿಹೋಗುವ ತನಕ ಅಪ್ಪ ಹಳೆಯ ದೇಶದ ಹಳೆಯ ಮನೆಯಲ್ಲಿದ್ದಾರೆ ಎಂದು ಮ್ಯಾಪ್ ತೋರಿಸಬಹುದು. ಸುತ್ತ ಬೇರೆ ವೈಫೈ ಕಡಿಮೆ ಇರುವ ಕಡೆ ಇದು ಜಾಸ್ತಿ. ರೌಟರ್ ಅಲ್ಲೇ ಬಿಡಿ, ಅಲ್ಲಿ ಹೋಗಿ ಹೊಸದು ಕೊಳ್ಳಿ. ವೈಫೈ ಕಾಲಿಂಗ್‌ನಲ್ಲಿ ತುರ್ತು ಕರೆಗೆ ವಿಳಾಸ ನೋಂದಾಯಿಸುವ ಪದ್ಧತಿ ಅಲ್ಲಿದ್ದರೆ ಹೊಸ ವಿಳಾಸವನ್ನು ಮೊದಲ ದಿನವೇ ಹಾಕಿ.

ಮಗಳಿಗೆ ಟ್ರ್ಯಾಕರ್ ಹಾಕುವುದಕ್ಕೆ ನಾನು ಒಪ್ಪುವುದಿಲ್ಲ. ಹದಿನೈದರ ಹುಡುಗಿ ಗೆಳತಿಯರನ್ನು, ಶಾಲೆಯನ್ನು ಬಿಟ್ಟು ಬರುತ್ತಾಳೆ. ಆ ಹೊತ್ತಿನಲ್ಲಿ ಅಪ್ಪ ತನ್ನನ್ನು ನಂಬುವುದಿಲ್ಲ ಅನ್ನಿಸಬಾರದು. ಮೊದಲ ಕೆಲವು ವಾರ ಮನೆಯವರೆಲ್ಲ ಒಬ್ಬರಿಗೊಬ್ಬರು ಲೊಕೇಶನ್ ಹಂಚಿಕೊಳ್ಳೋಣ, ನಿನ್ನದೂ ನಮಗೆ, ನಮ್ಮದೂ ನಿನಗೆ, ಆಮೇಲೆ ನೀನೇ ನಿರ್ಧರಿಸು ಎಂದು ಕೇಳಿ ನೋಡಿ. ಒಪ್ಪುತ್ತಾಳೆ ಎನ್ನುವುದು ನನ್ನ ಅಂದಾಜು. ಮಗನಿಗೆ ಚೀಲದಲ್ಲಿ ಟ್ಯಾಗ್ ಇರಲಿ. ಹೊಸ ವಿಳಾಸ, ನಿಮ್ಮ ನಂಬರ್ ಅವನಿಗೆ ಬಾಯಿಪಾಠ ಆಗುವುದು ಅದಕ್ಕಿಂತ ಮುಖ್ಯ.

ಇನ್ನು ಆಯ್ಕೆಗಳು. ಕಂಪನಿ ಹೇಳಿದ ದಿನಕ್ಕೆ ಎಲ್ಲರೂ ಹೋಗುವುದು ಒಂದು. ಮನೆ ಒಟ್ಟಿಗಿರುತ್ತದೆ, ಅದು ದೊಡ್ಡ ಲಾಭ. ಆದರೆ ನರ್ಸ್ ವೃತ್ತಿಗೆ ಹೊಸ ದೇಶದಲ್ಲಿ ಸಾಮಾನ್ಯವಾಗಿ ಹೊಸದಾಗಿ ನೋಂದಣಿ, ಭಾಷಾ ಪರೀಕ್ಷೆ, ಕಾಗದಪತ್ರ ಪರಿಶೀಲನೆ ಬೇಕು. ಅದು ನಾಲ್ಕು ತಿಂಗಳಲ್ಲಿ ಮುಗಿಯುವುದು ಕಷ್ಟ. ಅಷ್ಟು ಕಾಲ ಒಂದೇ ಸಂಬಳ. ನಿಮ್ಮ ವೀಸಾ ಆ ಕಂಪನಿಗೆ ಕಟ್ಟಿದ್ದರೆ ಕೆಲಸ ಹೋದ ದಿನ ಐದು ಜನರ ವಾಸವೂ ಅಲುಗಾಡುತ್ತದೆ. ಮಗಳ ಪರೀಕ್ಷೆಯೂ ಮಧ್ಯದಲ್ಲಿ.

ನೀವೊಬ್ಬರೇ ಮೊದಲು ಹೋಗುವುದು ಎರಡನೆಯದು. ಜನ ಇದನ್ನೇ ಜಾಸ್ತಿ ಆರಿಸುತ್ತಾರೆ. ಇದರ ಅಪಾಯ ನಿಧಾನಕ್ಕೆ ಬರುತ್ತದೆ. ಮನೆಯಲ್ಲಿ ಕಾಯುವವರು ಇಲ್ಲದ ಕಾರಣ ನೀವು ಲ್ಯಾಬಿನಲ್ಲೇ ರಾತ್ರಿ ಮಾಡುತ್ತೀರಿ, ಆರು ತಿಂಗಳು ಅಂದದ್ದು ಒಂದೂವರೆ ವರ್ಷ ಆಗುತ್ತದೆ. ಇತ್ತ ನಿಮ್ಮ ಹೆಂಡತಿ ಪಾಳಿ ಕೆಲಸ, ಇಬ್ಬರು ಮಕ್ಕಳು, ಮರೆವಿನ ಮಾವ ಎಲ್ಲವನ್ನೂ ಒಬ್ಬರೇ ಹೊರಬೇಕು. ಅವರು ಸ್ವತಃ 'ನನ್ನಿಂದ ಆಗುತ್ತೆ' ಅಂದರೆ ಮಾತ್ರ, ಅದೂ ಕೊನೆಯ ದಿನಾಂಕ ಗೊತ್ತಾಗಿದ್ದರೆ ಮಾತ್ರ.

ಮೂರನೆಯದು ನಾನು ಮೇಲೆ ಹೇಳಿದ್ದು. ಹಳೆಯ ಲ್ಯಾಬಿನ ಬೇಸ್‌ಲೈನ್ ಹೊಣೆ ಹೊತ್ತು ಮಗಳ ಪರೀಕ್ಷೆ ಮುಗಿಯುವ ತನಕ ಇಲ್ಲೇ ಇದ್ದು, ನಡುವೆ ಹೊಸ ಜಾಗಕ್ಕೆ ಹೋಗಿ ಬಂದು ಮಾಡುವುದು. ಅಷ್ಟರಲ್ಲಿ ಹೆಂಡತಿಯ ನೋಂದಣಿ ಮುಂದೆ ಸಾಗುತ್ತದೆ, ಅಪ್ಪನ ವಿಷಯ ಸ್ಪಷ್ಟವಾಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಕೇಳುತ್ತಿದ್ದೆ. ಇದರಲ್ಲೂ ಅಪಾಯ ಇದೆ: ಕಣ್ಣ ಮುಂದೆ ಇಲ್ಲದವರನ್ನು ಬಿಟ್ಟು ತೀರ್ಮಾನಗಳು ಆಗುತ್ತವೆ, ಹಳೆಯ ಲ್ಯಾಬ್ ಮುಚ್ಚುವ ದಿನ ನಿಮ್ಮ ಹುದ್ದೆಯೂ ಪಟ್ಟಿಯಲ್ಲಿ ಸೇರಬಹುದು. ಹೊಸ ಲ್ಯಾಬಿನ ಹುದ್ದೆಯ ಪತ್ರ ಮೊದಲೇ ಕೈಗೆ ಬಂದಿರಲಿ.

ಹೋಗದೇ ಇರುವುದೂ ಒಂದು ಆಯ್ಕೆ. ಅಪ್ಪನಿಗೆ ವೀಸಾ ಇಲ್ಲ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ ಅಂದರೆ ಉಳಿಯುವುದು ಇದೇ. ಅಲ್ಗಾರಿದಮ್ ಕಡೆಗೆ ಸರಿದು ದೂರದಿಂದ ಕೆಲಸ ಮಾಡುವುದು, ಅಥವಾ ಬೇರೆ ಕಂಪನಿ ಹುಡುಕುವುದು. ಹಾರ್ಡ್‌ವೇರ್ ಹಿಡಿತ ಸ್ವಲ್ಪ ಸಡಿಲವಾಗಬಹುದು. ಬೇರೆ ದೇಶದ ಕಂಪನಿಗೆ ದೂರದಿಂದ ಕೆಲಸ ಮಾಡಿದರೆ ತೆರಿಗೆಯ ಪ್ರಶ್ನೆಗಳೂ ಏಳುತ್ತವೆ, ಅದಕ್ಕೆ ತೆರಿಗೆ ಸಲಹೆಗಾರರು ಬೇಕು.

ಸಾಮಾನು ಕಟ್ಟುವಾಗ ಪ್ರೊಟೊಟೈಪ್ ಬೋರ್ಡುಗಳನ್ನು ಮನೆ ಸಾಮಾನಿನ ಜೊತೆ ಹಾಕಲೇಬೇಡಿ. ಅಲ್ಟ್ರಾ ವೈಡ್‌ಬ್ಯಾಂಡ್‌ಗೆ ಯಾವ ಬ್ಯಾಂಡ್, ಎಷ್ಟು ಶಕ್ತಿ, ಹೊರಾಂಗಣದಲ್ಲಿ ಸ್ಥಿರವಾಗಿ ಕೂರಿಸಬಹುದಾ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅನುಮತಿ ಪಡೆಯದ ರೇಡಿಯೋ ಕಸ್ಟಮ್ಸ್‌ನಲ್ಲಿ ನಿಮ್ಮ ಹೆಸರಿನ ಮೇಲೆ ಸಿಕ್ಕಿಬೀಳಬಾರದು. ಕೆಲವು ಉಪಕರಣ, ಕೆಲವು ಸೋರ್ಸ್ ಕೋಡ್ ರಫ್ತು ನಿಯಂತ್ರಣದ ಕೆಳಗೆ ಬರುತ್ತವೆ, ಗಡಿಯಾಚೆಯಿಂದ ಲಾಗಿನ್ ಆಗುವುದನ್ನೂ ರಫ್ತು ಎಂದೇ ನೋಡಬಹುದು. ಅವೆಲ್ಲ ಕಂಪನಿಯ ಕಾಗದಪತ್ರದ ಮೂಲಕವೇ ಹೋಗಲಿ.

ಎಚ್‌ಆರ್‌ಗೆ ಬರೆಯುವಾಗ ಇಷ್ಟನ್ನು ಸೇರಿಸಿ: ಅಪ್ಪನ ವೀಸಾ ಮತ್ತು ವಿಮೆ, ಹೆಂಡತಿಗೆ ಕೆಲಸ ಮಾಡುವ ಹಕ್ಕು, ಯೋಜನೆ ನಿಂತರೆ ಕುಟುಂಬವನ್ನು ವಾಪಸ್ ಕರೆತರುವ ಖರ್ಚು ಯಾರದು, ನೀವೇ ಬಿಟ್ಟರೆ ರಿಲೊಕೇಶನ್ ಹಣ ಎಷ್ಟು ಕಾಲದವರೆಗೆ ಹಿಂತಿರುಗಿಸಬೇಕು, ಕಂಪನಿಯೇ ತೆಗೆದರೂ ಅದೇ ಷರತ್ತಾ? ಕೊನೆಯದನ್ನು ಕೇಳಲು ಸಂಕೋಚ ಬೇಡ, ಕಷ್ಟಕ್ಕೆ ಸಿಕ್ಕಿಸುವುದು ಆ ಸಾಲೇ. ಉತ್ತರ ಲಿಖಿತವಾಗಿ ಬರುವ ತನಕ ಈಗಿರುವ ಮನೆಯನ್ನು ಬಿಡಬೇಡಿ, ಹೆಂಡತಿ ರಾಜೀನಾಮೆ ಕೊಡುವುದೂ ಬೇಡ.